ವೆಬ್‌ಸೈಟಿಗೆ ಪೇಮೆಂಟ್ ಸೇರಿಸುವುದು ನಾಲ್ಕು ದಿನದ ಕೆಲಸವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿದ್ದುಕೊಂಡು ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಉಪ್ಪಿನಕಾಯಿ, ಜೇನು, ಹಾಳೆ ತಟ್ಟೆ, ಸೀರೆ, ಯೋಗ ಕ್ಲಾಸು, ಹೀಗೆ. ಸೈಟ್ ಮಾಡಿಸುವವರು ಮತ್ತು ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಇಬ್ಬರೂ ಪೇಮೆಂಟ್ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲಸ ಒಪ್ಪಿಕೊಳ್ಳುವ ಮೊದಲು, ಅಥವಾ ಒಪ್ಪಿಸುವ ಮೊದಲು, ಒಮ್ಮೆ ಪೂರ್ತಿ ಓದಿ.

ಒಂದು ಬಟನ್ ಹಾಕುವುದಕ್ಕೆ ಇಷ್ಟು ದಿನ ಯಾಕೆ?

ಬಟನ್ ಹಾಕುವುದಕ್ಕೆ ಒಂದು ಮಧ್ಯಾಹ್ನ ಸಾಕು. ನಿಜವಾಗಲೂ ಸಾಕು. ಗೇಟ್‌ವೇ ಕಂಪನಿಯವರು, ಅಂದರೆ ಗಿರಾಕಿಯ ದುಡ್ಡನ್ನು ಆನ್‌ಲೈನಿನಲ್ಲಿ ತೆಗೆದುಕೊಂಡು ವ್ಯಾಪಾರಿಗೆ ತಲುಪಿಸುವವರು, ಕೊಟ್ಟಿರುವ ಹತ್ತಿಪ್ಪತ್ತು ಸಾಲು ಕೋಡ್ ತಂದು ಹಾಕಿದರೆ ಬಟನ್ ಬರುತ್ತದೆ, ಒತ್ತಿದರೆ ಪೇಮೆಂಟ್ ಪುಟ ತೆರೆಯುತ್ತದೆ, ಟೆಸ್ಟ್ ಕಾರ್ಡ್ ಹಾಕಿದರೆ ಹಸಿರು ಟಿಕ್ ಬೀಳುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಅನಿಸುತ್ತದೆ.

ಕೆಲಸ ಶುರುವಾಗುವುದೇ ಅಲ್ಲಿಂದ. ಯಾರ ದುಡ್ಡು, ಎಷ್ಟು, ಈ ಕ್ಷಣ ಎಲ್ಲಿದೆ ಅಂತ ಯಾವ ಹೊತ್ತಿನಲ್ಲಿ ಕೇಳಿದರೂ ನಿಮ್ಮ ಸೈಟ್ ಸರಿಯಾಗಿ ಹೇಳಬೇಕು. ಗಿರಾಕಿಯ ನೆಟ್‌ವರ್ಕ್ ಹೋದಾಗಲೂ ಹೇಳಬೇಕು. ಬ್ಯಾಂಕಿನ ಸರ್ವರ್ ಬಿದ್ದಾಗಲೂ, ಒಬ್ಬರೇ ಎರಡು ಸಲ ದುಡ್ಡು ಕಟ್ಟಿದಾಗಲೂ, ಆರು ಬಾಟಲಿ ತರಿಸಿಕೊಂಡವರು ಎರಡನ್ನು ಮಾತ್ರ ವಾಪಸ್ ಕಳಿಸಿದಾಗಲೂ ಹೇಳಬೇಕು. ದಿನಗಳು ಹೋಗುವುದು ಅದಕ್ಕೆ.

ನೀವು ಎಷ್ಟು ದಿನ ಅಂದಿದ್ದಿರಿ, ಕೊನೆಗೆ ಎಷ್ಟಾಯಿತು?

ಸಾಗರದ ಕಡೆಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅಲ್ಲಿವರೆಗೆ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಂಡು, ದುಡ್ಡು ಬಂದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸುತ್ತಿದ್ದರು. ಮಿಡಿ ಬರುವ ಹೊತ್ತಿಗೆ ಸೈಟ್ ಬೇಕು ಅಂದರು. ಲೆಕ್ಕ ನೋಡಿಕೊಳ್ಳುತ್ತಿದ್ದ ಅಕ್ಕ ಕೇಳಿದರು, "ಪೇಮೆಂಟಿಗೆ ಎಷ್ಟು ದಿನ ಬೇಕು ತಮ್ಮಾ?" ನಾನು ಯೋಚನೆಯನ್ನೇ ಮಾಡದೆ "ನಾಲ್ಕು ದಿನ ಅಕ್ಕಾ" ಅಂದೆ.

ಏಳು ವಾರ ಹಿಡಿಯಿತು. ನಾನು ಅಂದುಕೊಂಡಿದ್ದ ಕೆಲಸ, ಅಂದರೆ ಬಟನ್ನು ಮತ್ತು ಎಲ್ಲ ಸರಿಯಾಗಿ ನಡೆದಾಗಿನ ದಾರಿ, ಎರಡೇ ದಿನದಲ್ಲಿ ಮುಗಿದಿತ್ತು. ಗೇಟ್‌ವೇ ಖಾತೆಯ ಕಾಗದಪತ್ರಕ್ಕೇ ಹನ್ನೊಂದು ದಿನ ಹೋಯಿತು. ಉಳಿದದ್ದೆಲ್ಲ ನಾನು ಲೆಕ್ಕಕ್ಕೇ ಹಿಡಿಯದ ಕೆಲಸಗಳು: ಉತ್ತರ ಬರದ ಪೇಮೆಂಟು, ರೀಫಂಡ್, ಬ್ಯಾಂಕಿಗೆ ಬಂದ ಮೊತ್ತದ ತಾಳೆ, ಮತ್ತು ಸೈಟ್ ಲೈವ್ ಆದ (ಗಿರಾಕಿಗಳಿಗೆ ತೆರೆದ) ಮೇಲೆ ಬಿಚ್ಚಿ ಮತ್ತೆ ಕಟ್ಟಿದ್ದು. ಸೀಸನ್ನಿನ ಮೊದಲ ಆರ್ಡರುಗಳು ಅವರಿಗೆ ತಪ್ಪಿಹೋದವು. ಅದು ನನ್ನ ತಪ್ಪು. ಆಮೇಲಿಂದ ಯಾರಿಗೂ ಫೋನಿನಲ್ಲಿ ನಿಂತ ಕಾಲಿನಲ್ಲಿ ದಿನ ಹೇಳುವುದಿಲ್ಲ.

ದುಡ್ಡಿನ ಕೆಲಸವೆಲ್ಲ ಗೇಟ್‌ವೇ ಕಂಪನಿಯವರೇ ಮಾಡ್ತಾರಲ್ವಾ?

ಅವರ ಭಾಗ ಅವರು ಮಾಡುತ್ತಾರೆ. ಒಂದು ಯುಪಿಐ ಪೇಮೆಂಟಿನಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಗಿರಾಕಿಯ ಫೋನಿನಲ್ಲಿ ಫೋನ್‌ಪೇ ಅಥವಾ ಗೂಗಲ್ ಪೇ. ಅದರ ಹಿಂದೆ ಗಿರಾಕಿಯ ಬ್ಯಾಂಕು. ನಡುವೆ ಎನ್‌ಪಿಸಿಐ, 2016ರಲ್ಲಿ ಯುಪಿಐ ತಂದವರು. ಆಚೆ ಕಡೆ ಗೇಟ್‌ವೇಯ ಬ್ಯಾಂಕು, ಆಮೇಲೆ ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯುನಂತಹ ಗೇಟ್‌ವೇ. ಕಡೆಗೆ ನಿಮ್ಮ ಸೈಟು. ಇವರಲ್ಲಿ ಯಾರೊಬ್ಬರು ತಡ ಮಾಡಿದರೂ ಸುದ್ದಿ ನಿಮಗೆ ತಡವಾಗಿ ತಲುಪುತ್ತದೆ, ಇಲ್ಲವೇ ತಲುಪುವುದೇ ಇಲ್ಲ.

ದುಡ್ಡು ಬಂತು ಅಂತ ಗೇಟ್‌ವೇ ಹೇಳಬಲ್ಲದು. ಆ ದುಡ್ಡು ಯಾವ ಆರ್ಡರಿನದು, ಆ ಬಾಟಲಿ ಇನ್ನೂ ಸ್ಟಾಕಿನಲ್ಲಿದೆಯಾ, ಬಿಲ್ ಹೋಯಿತಾ, ಪಾರ್ಸೆಲ್ ಕಟ್ಟಬೇಕಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ನಿಮ್ಮ ಸೈಟೇ ನೋಡಿಕೊಳ್ಳಬೇಕು.

"ದುಡ್ಡು ಕಟ್ ಆಗಿದೆ, ಆರ್ಡರ್ ಆಗಿಲ್ಲ" ಅಂತ ಗಿರಾಕಿ ಫೋನ್ ಮಾಡ್ತಾರೆ. ಇದು ಹೇಗೆ ಸಾಧ್ಯ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನಾವೆಲ್ಲ ಪೇಮೆಂಟ್ ಅಂದರೆ ಎರಡೇ ಸ್ಥಿತಿ ಅಂದುಕೊಳ್ಳುತ್ತೇವೆ. ಆಯಿತು, ಇಲ್ಲ ಆಗಲಿಲ್ಲ. ಮೂರನೆಯದೊಂದಿದೆ: ಇನ್ನೂ ಗೊತ್ತಿಲ್ಲ. ಗಿರಾಕಿ ಮೊಬೈಲಿನಲ್ಲಿ ನಿಮ್ಮ ಸೈಟ್ ತೆರೆದು, ಯುಪಿಐ ಒತ್ತಿ, ಆ್ಯಪಿಗೆ ಹೋಗಿ ಪಿನ್ ಹಾಕುತ್ತಾರೆ. ದುಡ್ಡು ಕಟ್ ಆಗುತ್ತದೆ. ಅವರ ಮಟ್ಟಿಗೆ ಕೆಲಸ ಮುಗಿಯಿತು, ಫೋನ್ ಜೇಬಿಗೆ ಇಳಿಸುತ್ತಾರೆ. ಬ್ರೌಸರಿಗೆ ವಾಪಸ್ ಬರುವುದೇ ಇಲ್ಲ. ಬಂದರೂ ಕಡಿಮೆ ಮೆಮೊರಿಯ ಫೋನಿನಲ್ಲಿ ಅಷ್ಟರೊಳಗೆ ಬ್ರೌಸರ್ ಮುಚ್ಚಿಹೋಗಿರುತ್ತದೆ. ಗಿರಾಕಿ ವಾಪಸ್ ಬಂದಾಗ ಆರ್ಡರ್ ಬರೆದುಕೊಳ್ಳೋಣ ಅಂತ ನಿಮ್ಮ ಸೈಟ್ ಕಾಯುತ್ತಿದ್ದರೆ ಅದು ಕಾಯುತ್ತಲೇ ಇರುತ್ತದೆ.

ನಾನು ಮಾಡಿದ್ದು ಇದನ್ನೇ. ಲೈವ್ ಆದ ಮೊದಲ ಭಾನುವಾರ ಮೂರು ಜನರ ದುಡ್ಡು ಹೋಗಿತ್ತು, ಸೈಟಿನಲ್ಲಿ ಒಂದು ಆರ್ಡರೂ ಇರಲಿಲ್ಲ. ಅವರಲ್ಲಿ ಒಬ್ಬರು, ಮೊದಲನೆಯದು ಆಗಲಿಲ್ಲವೇನೋ ಅಂದುಕೊಂಡು, ಮತ್ತೊಮ್ಮೆ ಕಟ್ಟಿದ್ದರು. ಅಕ್ಕನಿಗೆ ಮೇಲಿಂದ ಮೇಲೆ ಫೋನು. ವರ್ಷಗಟ್ಟಲೆ ವಾಟ್ಸಾಪಿನಲ್ಲಿ ವ್ಯಾಪಾರ ಮಾಡಿದವರು, ಒಬ್ಬರಿಂದಲೂ ಒಂದು ಮಾತು ಕೇಳಿಸಿಕೊಂಡವರಲ್ಲ. "ತಮ್ಮಾ, ಅವರು ನನ್ನ ಮೋಸಗಾತಿ ಅಂದ್ಕೊಂಡಿದಾರೆ" ಅಂದರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ಸರಿಯಾದ ಕ್ರಮ ಹೀಗೆ. ಗಿರಾಕಿ ದುಡ್ಡು ಕಟ್ಟುವ ಮೊದಲೇ ನಿಮ್ಮ ಡೇಟಾಬೇಸಿನಲ್ಲಿ ಆರ್ಡರ್ ಹುಟ್ಟಬೇಕು, "ಬಾಕಿ" ಅನ್ನುವ ಸ್ಥಿತಿಯಲ್ಲಿ. ಗೇಟ್‌ವೇ ಕಡೆಯಿಂದ ಸುದ್ದಿ ಬಂದಾಗ ಅದು "ಪಾವತಿಯಾಗಿದೆ" ಆಗಬೇಕು, ಗಿರಾಕಿ ವಾಪಸ್ ಬಂದಿರಲಿ ಬಿಡಲಿ. ಸುದ್ದಿ ಬರದೇ ಹೋದರೆ ನಿಮ್ಮ ಸೈಟೇ ಕೆಲವು ನಿಮಿಷಕ್ಕೊಮ್ಮೆ ಗೇಟ್‌ವೇಯನ್ನು "ಈ ಆರ್ಡರ್ ಏನಾಯಿತು" ಅಂತ ಕೇಳಬೇಕು. ಅಲ್ಲಿವರೆಗೆ ಗಿರಾಕಿಗೆ ಕೆಂಪಕ್ಷರದಲ್ಲಿ "ವಿಫಲ" ಅಂತ ತೋರಿಸಬೇಡಿ. "ನಿಮ್ಮ ಬ್ಯಾಂಕಿನಿಂದ ಉತ್ತರ ಬರಬೇಕಿದೆ, ದಯವಿಟ್ಟು ಮತ್ತೆ ಕಟ್ಟಬೇಡಿ, ಬಂದ ಕೂಡಲೇ ಮೆಸೇಜ್ ಕಳಿಸುತ್ತೇವೆ" ಅಂತ ತೋರಿಸಿ. ಈ ಒಂದು ಸಾಲು ಬರೆದ ಮೇಲೆ ಆ ಸೈಟಿನಲ್ಲಿ ಎರಡೆರಡು ಸಲ ಕಟ್ಟುವುದು ತುಂಬಾ ಕಡಿಮೆಯಾಯಿತು.

ವೆಬ್‌ಹುಕ್ ವೆಬ್‌ಹುಕ್ ಅಂತಾರೆ, ಏನದು?

ಮೇಲೆ ಹೇಳಿದ ಸುದ್ದಿ ಬರುವ ದಾರಿಯೇ ಅದು. ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರಿನ ಒಂದು ವಿಳಾಸಕ್ಕೆ ಬಂದು "ಇಂಥ ಆರ್ಡರಿನ ದುಡ್ಡು ಬಂತು" ಅಂತ ಹೇಳಿಹೋಗುತ್ತದೆ. ಗಿರಾಕಿಯ ಫೋನು ನಡುವೆ ಇಲ್ಲ. ಅದಕ್ಕೇ ಇದನ್ನು ನಂಬಬಹುದು.

ಆದರೆ ಇದರಲ್ಲೂ ಎಡವುವುದಕ್ಕೆ ಬೇಕಾದಷ್ಟು ಜಾಗ ಇದೆ. ಒಂದೇ ಸುದ್ದಿ ಎರಡು ಮೂರು ಸಲ ಬರಬಹುದು. ನಿಮ್ಮ ಸರ್ವರ್ ಕೆಲವು ಸೆಕೆಂಡಿನೊಳಗೆ "ತಲುಪಿತು" ಅನ್ನದಿದ್ದರೆ ಅವರು ಮತ್ತೆ ಕಳಿಸುತ್ತಾರೆ, ಕಳಿಸಲೇಬೇಕು. ನಾನು ಮೊದಲು ಬರೆದ ಕೋಡಿನಲ್ಲಿ ಸುದ್ದಿ ಬಂದ ಕೂಡಲೇ ಬಿಲ್ಲಿನ ಪಿಡಿಎಫ್ ಮಾಡಿ, ಇಮೇಲ್ ಕಳಿಸಿ, ಆಮೇಲೆ ಉತ್ತರ ಕೊಡುತ್ತಿದ್ದೆ. ಇಮೇಲ್ ನಿಧಾನವಾದ ದಿನ ಒಬ್ಬರಿಗೆ ನಾಲ್ಕು ಬಿಲ್ ಹೋಯಿತು, ಸ್ಟಾಕಿನಲ್ಲಿ ನಾಲ್ಕು ಬಾಟಲಿ ಕಮ್ಮಿಯಾಯಿತು. ಈಗ ಸುದ್ದಿಯನ್ನು ಹಾಗೇ ಬರೆದಿಟ್ಟುಕೊಂಡು ತಕ್ಷಣ ಉತ್ತರ ಕೊಡುತ್ತೇನೆ. ಉಳಿದ ಕೆಲಸ ಹಿಂದಿನಿಂದ ನಡೆಯುತ್ತದೆ. ಪ್ರತಿ ಸುದ್ದಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದೇ ಸಂಖ್ಯೆ ಮತ್ತೆ ಬಂದರೆ ಏನೂ ಮಾಡುವುದಿಲ್ಲ.

ಸುದ್ದಿಗಳು ವರಸೆಯಲ್ಲೇ ಬರುತ್ತವೆ ಅಂತಲೂ ಇಲ್ಲ. "ಪಾವತಿ ವಿಫಲ" ಅನ್ನುವುದು "ಪಾವತಿ ಯಶಸ್ವಿ" ಆದ ಮೇಲೆ ಬರಬಹುದು, ಯಾಕೆಂದರೆ ಒಂದೇ ಆರ್ಡರಿಗೆ ಗಿರಾಕಿ ಎರಡು ಸಲ ಪ್ರಯತ್ನ ಮಾಡಿರುತ್ತಾರೆ. ಕೊನೆಗೆ ಬಂದದ್ದೇ ಸತ್ಯ ಅಂತ ಬರೆದ ಕೋಡು ದುಡ್ಡು ಕಟ್ಟಿದ ಆರ್ಡರನ್ನು ರದ್ದು ಮಾಡಿಬಿಡುತ್ತದೆ.

ಇನ್ನೊಂದು, ಸಹಿ. ಆ ವಿಳಾಸ ಯಾರಿಗೆ ಗೊತ್ತಾದರೂ ಅವರು ಸುಳ್ಳು ಸುದ್ದಿ ಕಳಿಸಬಹುದು. ಹಾಗಾಗಿ ಗೇಟ್‌ವೇ ಪ್ರತಿ ಸುದ್ದಿಯ ಜೊತೆ ಒಂದು ಸಹಿ ಕಳಿಸುತ್ತದೆ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯಿಂದ ಲೆಕ್ಕ ಹಾಕಿದ್ದು. ಅದನ್ನು ತಾಳೆ ನೋಡದೆ ಏನನ್ನೂ ನಂಬಬೇಡಿ. ತಾಳೆ ನೋಡುವಾಗ ಬಂದ ಅಕ್ಷರಗಳನ್ನು ಇದ್ದ ಹಾಗೇ ಬಳಸಿ. ಬಿಚ್ಚಿ, ಓದಿ, ಮತ್ತೆ ಜೋಡಿಸಿದರೆ ಎಲ್ಲೋ ಒಂದು ಖಾಲಿ ಜಾಗ ಬದಲಾಗಿ ಸಹಿ ಕೂಡುವುದಿಲ್ಲ. ನನಗೆ ಇದು ಗೊತ್ತಾಗುವುದಕ್ಕೆ ಒಂದೂವರೆ ದಿನ ಹೋಯಿತು.

ಟೆಸ್ಟ್ ಮೋಡಿನಲ್ಲಿ ಎಲ್ಲ ಚೆನ್ನಾಗಿತ್ತು, ಲೈವ್‌ನಲ್ಲಿ ಯಾಕೆ ಕೆಡುತ್ತದೆ?

ಟೆಸ್ಟ್ ಮೋಡ್ ಅಂದರೆ ಗೇಟ್‌ವೇ ಕೊಡುವ ಪರೀಕ್ಷೆಯ ವ್ಯವಸ್ಥೆ. ಅಲ್ಲಿ ನಿಜವಾದ ಬ್ಯಾಂಕಿಲ್ಲ, ನಿಜವಾದ ಆ್ಯಪಿಲ್ಲ, ಅವಸರದ ಗಿರಾಕಿ ಇಲ್ಲ. ಯಶಸ್ವಿ ಒತ್ತಿದರೆ ಯಶಸ್ವಿ, ವಿಫಲ ಒತ್ತಿದರೆ ವಿಫಲ. "ಗೊತ್ತಿಲ್ಲ" ಅನ್ನುವ ಬಟನ್ ಅಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಒಂದು ಕುಕಿ, ಅಂದರೆ ಬಂದವರು ಯಾರು ಅಂತ ನೆನಪಿಡಲು ಸೈಟ್ ಬ್ರೌಸರಿನಲ್ಲಿ ಇಡುವ ಸಣ್ಣ ಚೀಟಿ. ಗಿರಾಕಿ ಬ್ಯಾಂಕಿನ ಪುಟದಿಂದ ನಮ್ಮ ಸೈಟಿಗೆ ವಾಪಸ್ ಬಂದಾಗ ಲಾಗಿನ್ ಹೋಗಿರುತ್ತಿತ್ತು, ಕಾರ್ಟ್ ಖಾಲಿ. ನಾನು ಪರೀಕ್ಷೆ ಮಾಡಿದಾಗಲೆಲ್ಲ ಸರಿಯಾಗೇ ಇರುತ್ತಿತ್ತು. ಕಾರಣ ಇಷ್ಟು: 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ಬೇರೆ ಸೈಟಿನಿಂದ ಪೋಸ್ಟ್ ವಿಧಾನದಲ್ಲಿ (ಫಾರಂ ಕಳಿಸುವ ರೀತಿಯಲ್ಲಿ) ವಾಪಸ್ ಬಂದರೆ, ಸೇಮ್‌ಸೈಟ್ (ಬೇರೆ ಸೈಟಿನಿಂದ ಬಂದಾಗ ಕಳಿಸಬೇಕಾ ಅನ್ನುವ ಸೂಚನೆ) ಅಂತ ಏನೂ ಬರೆಯದ ಕುಕಿಯನ್ನು ಬ್ರೌಸರ್ ಕಳಿಸುವುದಿಲ್ಲ. ಕುಕಿ ಹುಟ್ಟಿ ಎರಡು ನಿಮಿಷ ಆಗಿರದಿದ್ದರೆ ಮಾತ್ರ ರಿಯಾಯಿತಿ. ನಾನು ಹೊಸದಾಗಿ ಲಾಗಿನ್ ಆಗಿ ಒಂದೇ ನಿಮಿಷದಲ್ಲಿ ಪೇಮೆಂಟ್ ಮುಗಿಸುತ್ತಿದ್ದೆ, ಅದಕ್ಕೇ ನನಗೆ ಯಾವತ್ತೂ ತೊಂದರೆ ಕಾಣಲಿಲ್ಲ. ಗಿರಾಕಿಗಳು ಹತ್ತು ನಿಮಿಷ ಅಡ್ಡಾಡಿ, ಮಿಡಿ ಉಪ್ಪಿನಕಾಯಿ ಬೇಕಾ ಕೆತ್ತೆ ಉಪ್ಪಿನಕಾಯಿ ಬೇಕಾ ಅಂತ ಮನೆಯಲ್ಲಿ ಕೇಳಿ, ಆಮೇಲೆ ಕಟ್ಟುತ್ತಾರೆ. ಅವರೆಲ್ಲ ಸಿಕ್ಕಿಬೀಳುತ್ತಿದ್ದರು.

ಇನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಒಳಗೇ ತೆರೆಯುವ ಬ್ರೌಸರು. ಅಲ್ಲಿಂದ ಯುಪಿಐ ಆ್ಯಪಿಗೆ ದಾಟುವುದು ಕೆಲವು ಫೋನಿನಲ್ಲಿ ಆಗುವುದೇ ಇಲ್ಲ. ಸಣ್ಣ ವ್ಯಾಪಾರದವರ ಗಿರಾಕಿಗಳು ಬರುವುದೇ ಅಲ್ಲಿಂದ ಅಲ್ವಾ? ಹಾಗಾಗಿ ಲೈವ್ ಮಾಡುವ ಮೊದಲು ಗೇಟ್‌ವೇ ಕೊಟ್ಟ ಲೈವ್ ಕೀಲಿ ಹಾಕಿ, ನಿಜವಾದ ಒಂದು ರೂಪಾಯಿ ಕಟ್ಟಿ, ಐದಾರು ಬೇರೆ ಬೇರೆ ಫೋನಿನಲ್ಲಿ, ಬೇರೆ ಬೇರೆ ಬ್ಯಾಂಕಿನಲ್ಲಿ ನೋಡಿ. ನಡುವೆ ಒಮ್ಮೆ ಏರೋಪ್ಲೇನ್ ಮೋಡ್ ಹಾಕಿ. ಒಮ್ಮೆ ಪಿನ್ ಹಾಕಿದ ಕೂಡಲೇ ಬ್ರೌಸರ್ ಮುಚ್ಚಿ. ಒಮ್ಮೆ ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಕಟ್ಟಿ.

ರೂಪಾಯಿ ಪೈಸೆಯಲ್ಲಿ ಏನು ಕಷ್ಟ?

ರೇಜರ್‌ಪೇ ಎಪಿಐಗೆ, ಅಂದರೆ ನಿಮ್ಮ ಕೋಡ್ ಅದರ ಜೊತೆ ಮಾತಾಡುವ ದಾರಿಗೆ, ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು. 500 ರೂಪಾಯಿಗೆ 50000. ಕ್ಯಾಶ್‌ಫ್ರೀಗೆ ರೂಪಾಯಿಯಲ್ಲಿ ಕೊಡಬೇಕು. ಗೇಟ್‌ವೇ ಬದಲಿಸುವಾಗ ಇದನ್ನು ಮರೆತರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ದಶಮಾಂಶದ್ದು ಇನ್ನೊಂದು ಗೋಳು. ಕಂಪ್ಯೂಟರಿನಲ್ಲಿ 19.99 ಅನ್ನು 100ರಿಂದ ಗುಣಿಸಿ ಚುಕ್ಕಿಯ ಆಚೆಯದನ್ನು ಕತ್ತರಿಸಿದರೆ 1999 ಬರುವುದಿಲ್ಲ, 1998 ಬರುತ್ತದೆ. ಒಂದು ಪೈಸೆ ಅಷ್ಟೇ, ಆದರೆ ಬಿಲ್ಲಿನ ಮೊತ್ತ ಮತ್ತು ಕಟ್ಟಿದ ಮೊತ್ತ ಬೇರೆಯಾಯಿತು, ತಾಳೆ ನೋಡುವ ಕೋಡು ಆ ಆರ್ಡರನ್ನು ತಡೆಹಿಡಿಯಿತು. ಎಲ್ಲ ಕಡೆ ಪೈಸೆಯಲ್ಲೇ, ಪೂರ್ಣಾಂಕದಲ್ಲೇ ಇಟ್ಟುಕೊಳ್ಳಿ. ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಮೊತ್ತವನ್ನು ಗಿರಾಕಿಯ ಬ್ರೌಸರಿನಿಂದ ತೆಗೆದುಕೊಳ್ಳಲೇಬೇಡಿ. 900 ಇದ್ದದ್ದನ್ನು 9 ಮಾಡಿ ಕಳಿಸುವುದು ಸ್ವಲ್ಪ ಗೊತ್ತಿದ್ದವರಿಗೆ ಅರ್ಧ ನಿಮಿಷದ ಕೆಲಸ. ಬೆಲೆ ಸರ್ವರಿನಲ್ಲೇ ಲೆಕ್ಕ ಆಗಬೇಕು.

ಕೊನೆಯ ಒಂದು ಬಾಟಲಿಗೆ ಇಬ್ಬರು ದುಡ್ಡು ಕಟ್ಟಿದರೆ?

ಕಟ್ಟುತ್ತಾರೆ. ಸೀಸನ್ನಿನಲ್ಲಿ ಖಂಡಿತ ಕಟ್ಟುತ್ತಾರೆ. ಪೇಮೆಂಟ್ ಶುರುವಾದಾಗ ಬಾಟಲಿಯನ್ನು ಹದಿನೈದು ನಿಮಿಷ ಕಾದಿರಿಸಿ, ದುಡ್ಡು ಬರದಿದ್ದರೆ ಬಿಟ್ಟುಬಿಡಿ ಅನ್ನುವುದು ಸಾಮಾನ್ಯ ದಾರಿ. ಆದರೆ ಬಿಟ್ಟುಬಿಟ್ಟ ಮೇಲೆ ಇಪ್ಪತ್ತನೇ ನಿಮಿಷಕ್ಕೆ ಆ ದುಡ್ಡು ಬಂದರೆ? ಆಗ ಏನು ಮಾಡಬೇಕು ಅಂತ ತೀರ್ಮಾನ ಮಾಡಬೇಕಾದವರು ವ್ಯಾಪಾರದವರು, ಕೋಡ್ ಬರೆಯುವವರಲ್ಲ. ಅಕ್ಕ ಹೇಳಿದ್ದು ಹೀಗೆ: ತಾನಾಗಿಯೇ ದುಡ್ಡು ವಾಪಸ್ ಹೋಗುವುದು ಬೇಡ, ನಾನೇ ಫೋನ್ ಮಾಡಿ ಬೇರೆ ಉಪ್ಪಿನಕಾಯಿ ಆಗುತ್ತಾ ಕೇಳುತ್ತೇನೆ. ಅವರಿಗೆ ಅದೇ ಸರಿ. ದಿನಕ್ಕೆ ಐನೂರು ಆರ್ಡರ್ ಬರುವ ಕಡೆ ಅದು ಆಗುವುದಿಲ್ಲ.

ರೀಫಂಡ್ ಅಂದರೆ ದುಡ್ಡು ವಾಪಸ್ ಕಳಿಸುವುದು, ಅಷ್ಟೇ ತಾನೆ?

ಪೂರ್ತಿ ಆರ್ಡರ್ ಪೂರ್ತಿ ವಾಪಸ್ ಆದರೆ ಹೌದು, ಸುಲಭ. ಹಾಗೆ ಆಗುವುದು ಕಡಿಮೆ. ಆರರಲ್ಲಿ ಎರಡು ಬಾಟಲಿ ಒಡೆದು ಬಂತು ಅನ್ನಿ. ಆರ್ಡರಿಗೆ ಶೇಕಡಾ 10 ಕೂಪನ್ ಹಾಕಿದ್ದರು, ಸಾವಿರದ ಮೇಲೆ ಕೊರಿಯರ್ ಪುಕ್ಕಟೆ ಅಂತ ಇತ್ತು, ಎರಡು ಕಳೆದರೆ ಮೊತ್ತ ಸಾವಿರಕ್ಕಿಂತ ಕೆಳಗೆ ಇಳಿಯುತ್ತದೆ. ಈಗ ಎಷ್ಟು ವಾಪಸ್ ಕೊಡಬೇಕು? ಇದಕ್ಕೆ ಉತ್ತರ ಕೋಡಿನಲ್ಲಿಲ್ಲ. ಮಾಲೀಕರ ಜೊತೆ ಕೂತು ಒಂದೊಂದೇ ಉದಾಹರಣೆ ಬರೆದುಕೊಳ್ಳಬೇಕು. ನಾವು ಒಂದಿಡೀ ಸಂಜೆ ಕೂತಿದ್ದೆವು.

ಜಿಎಸ್‌ಟಿ ನೋಂದಣಿ ಇದ್ದರೆ ಹಳೆಯ ಬಿಲ್ ಅಳಿಸುವ ಹಾಗಿಲ್ಲ, ಅಷ್ಟು ಮೊತ್ತ ಕಡಿಮೆಯಾಯಿತು ಅಂತ ತೋರಿಸುವ ಕ್ರೆಡಿಟ್ ನೋಟ್ ಮಾಡಬೇಕು. ಬಿಲ್ ಸಂಖ್ಯೆ ಕೂಡ ಸಾಲಾಗಿ, ನಡುವೆ ತಪ್ಪದೆ ಹೋಗಬೇಕು, 16 ಅಕ್ಷರ ಮೀರಬಾರದು. ಹಾಗಾಗಿ ದುಡ್ಡು ಬರುವ ಮೊದಲೇ ಬಿಲ್ ಸಂಖ್ಯೆ ಕೊಟ್ಟರೆ, ಕಟ್ಟದೆ ಹೋದವರ ಸಂಖ್ಯೆಗಳೆಲ್ಲ ಖಾಲಿ ಬಿದ್ದು ಲೆಕ್ಕದವರು ಪ್ರಶ್ನೆ ಕೇಳುತ್ತಾರೆ. ಆರ್ಡರ್ ಸಂಖ್ಯೆ ಬೇರೆ, ಬಿಲ್ ಸಂಖ್ಯೆ ಬೇರೆ ಇರಲಿ.

ರೀಫಂಡ್ ಒತ್ತಿದ ತಕ್ಷಣ ಗಿರಾಕಿಯ ಖಾತೆಗೆ ಬೀಳುವುದಿಲ್ಲ, ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ ಹೇಳುತ್ತಾರೆ. ಆ ದಿನಗಳಲ್ಲಿ ನಿಮಗೆ ಫೋನ್ ಬರುತ್ತದೆ. ಮೊದಲ ಸಲ ಗೇಟ್‌ವೇ ತೆಗೆದುಕೊಂಡ ಶುಲ್ಕ ಕೂಡ ಬಹಳಷ್ಟು ಕಡೆ ವಾಪಸ್ ಬರುವುದಿಲ್ಲ, ಅದು ನಿಮ್ಮ ಕೈಯಿಂದ ಹೋದ ದುಡ್ಡು.

ಬ್ಯಾಂಕಿಗೆ ಬಂದ ದುಡ್ಡಿಗೂ ಸೈಟಿನ ಲೆಕ್ಕಕ್ಕೂ ತಾಳೆ ಆಗ್ತಿಲ್ಲ, ಯಾರೋ ದುಡ್ಡು ಹೊಡೀತಿದಾರಾ?

ಇಲ್ಲ. ಗೇಟ್‌ವೇ ಪ್ರತಿ ಆರ್ಡರಿನ ದುಡ್ಡನ್ನು ಬೇರೆ ಬೇರೆ ಕಳಿಸುವುದಿಲ್ಲ. ಒಂದೆರಡು ಕೆಲಸದ ದಿನ ಬಿಟ್ಟು, ಒಟ್ಟು ಮಾಡಿ, ತನ್ನ ಶುಲ್ಕ ಕಳೆದು ಕಳಿಸುತ್ತದೆ. 600 ರೂಪಾಯಿಯ ಹತ್ತು ಆರ್ಡರ್ ಅಂದರೆ 6000. ಶುಲ್ಕ ಶೇಕಡಾ 2 ಇದ್ದರೆ 120. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, 21 ರೂಪಾಯಿ 60 ಪೈಸೆ. ಬ್ಯಾಂಕಿಗೆ ಬರುವುದು 5858 ರೂಪಾಯಿ 40 ಪೈಸೆ. ಅದೇ ದಿನ ಹಳೆಯ ಆರ್ಡರಿನ ರೀಫಂಡ್ ಒಂದು ಹೋಗಿದ್ದರೆ ಅದನ್ನೂ ಇದರಲ್ಲೇ ಕಳೆಯುತ್ತಾರೆ. ಶನಿವಾರ ಭಾನುವಾರದ್ದು ಸೋಮವಾರದ ಮೇಲೆ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಂದೇ ಸಾಲು.

ಈ ಒಂದು ಸಾಲನ್ನು ಮತ್ತೆ ಹತ್ತು ಆರ್ಡರುಗಳಾಗಿ ಬಿಡಿಸಿ ತೋರಿಸುವ ಪುಟವೊಂದು ಬೇಕೇ ಬೇಕು. ಕೋಟ್ (ಕೆಲಸದ ದರ, ದಿನದ ಅಂದಾಜು) ಕೊಡುವಾಗ ಯಾರೂ ಇದನ್ನು ಸೇರಿಸುವುದಿಲ್ಲ, ಕೇಳುವವರೂ ಇರುವುದಿಲ್ಲ. ತಿಂಗಳ ಕೊನೆಗೆ ಲೆಕ್ಕದವರು ಬಂದು ಕೂತಾಗ ಎಲ್ಲರಿಗೂ ನೆನಪಾಗುತ್ತದೆ. ಮಾಡಿಕೊಟ್ಟ ಮೇಲೆ ಅಕ್ಕ ಅತಿ ಹೆಚ್ಚು ಬಳಸುತ್ತಿರುವ ಪುಟ ಇದೇ.

ಗೇಟ್‌ವೇ ಖಾತೆ ತೆರೆಯುವುದಕ್ಕೆ ಯಾಕೆ ಅಷ್ಟು ತಡ?

ದುಡ್ಡು ಸಂಗ್ರಹಿಸಿ ವ್ಯಾಪಾರಿಗೆ ಕೊಡುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಯಮ ಮಾಡಿತು. ವ್ಯಾಪಾರಿ ಯಾರು, ಏನು ಮಾರುತ್ತಾರೆ ಅಂತ ಅವರು ವಿಚಾರಿಸಲೇಬೇಕು. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ, ಜಿಎಸ್‌ಟಿ ಇದ್ದರೆ ಅದು, ಆಹಾರ ಮಾರಿದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ. ನಿಮ್ಮ ಸೈಟಿನಲ್ಲಿ ಸಂಪರ್ಕ, ನಿಬಂಧನೆ, ಖಾಸಗಿತನ, ರೀಫಂಡ್ ಪುಟಗಳು ಇರಬೇಕು, ಬೆಲೆ ಕಾಣಬೇಕು. ಅರ್ಧ ಕಟ್ಟಿದ ಸೈಟ್ ತೋರಿಸಿದರೆ ವಾಪಸ್ ಕಳಿಸುತ್ತಾರೆ. ನಮ್ಮದು ನಿಂತಿದ್ದು ಹೆಸರಿಗೆ: ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿತ್ತು, ಬ್ಯಾಂಕಿನಲ್ಲಿ ಒಂದೇ ಅಕ್ಷರ ಇತ್ತು. ಕೆಲಸ ಶುರುವಾದ ಮೊದಲ ದಿನವೇ ಅರ್ಜಿ ಹಾಕಿ. ಕೋಡಿಗಾಗಿ ಕಾಯಬೇಡಿ.

ಗಿರಾಕಿಯ ಕಾರ್ಡ್ ನಂಬರ್ ನಮ್ಮಲ್ಲೇ ಇಟ್ಟುಕೊಂಡರೆ ಮುಂದಿನ ಸಲ ಸುಲಭ ಅಲ್ವಾ?

ಬೇಡ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗೇ ಇಲ್ಲ. ನಂಬರಿನ ಬದಲು ಟೋಕನ್ ಅನ್ನುವ ಬದಲಿ ಸಂಖ್ಯೆ ಸಿಗುತ್ತದೆ, ಅದನ್ನು ಗೇಟ್‌ವೇ ನೋಡಿಕೊಳ್ಳುತ್ತದೆ. ಎಕ್ಸೆಲ್ ಹಾಳೆಯಲ್ಲಿ, ವಾಟ್ಸಾಪಿನಲ್ಲಿ, ಡೈರಿಯಲ್ಲಿ ಬರೆದಿಟ್ಟುಕೊಂಡವರಿದ್ದರೆ ಇವತ್ತೇ ಅಳಿಸಿ.

ತಿಂಗಳು ತಿಂಗಳು ತಾನಾಗೇ ಕಟ್ ಆಗುವ ಹಾಗೆ ಮಾಡಿಕೊಡಿ, ಅದೇ ಬಟನ್ ತಾನೆ?

ಯೋಗ ಕ್ಲಾಸಿನವರು, ಹಾಲಿನವರು ಇದನ್ನು ಜಾಸ್ತಿ ಕೇಳುತ್ತಾರೆ. ಇದು ಬೇರೆಯದೇ ಯೋಜನೆ, ಬೇರೆಯಾಗಿ ಕೋಟ್ ಕೊಡಿ. ಗಿರಾಕಿ ಮೊದಲು ಒಪ್ಪಿಗೆ ಕೊಡಬೇಕು, ಪ್ರತಿ ಸಲ ಕಟ್ ಮಾಡುವ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕು. ಹೆಚ್ಚಿನ ವ್ಯಾಪಾರಕ್ಕೆ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿಯಂಥ ಇನ್ನೊಂದು ಪರಿಶೀಲನೆ ಬೇಕು, 2022ರ ಜೂನ್‌ಗಿಂತ ಮೊದಲು ಆ ಮಿತಿ 5,000 ಇತ್ತು. ಖಾತೆಯಲ್ಲಿ ದುಡ್ಡಿಲ್ಲದೆ ಕಟ್ ಆಗದಿದ್ದರೆ ಕ್ಲಾಸಿಗೆ ಬಿಡಬೇಕಾ? ಎಷ್ಟು ದಿನ? ಗಿರಾಕಿ ಬ್ಯಾಂಕ್ ಆ್ಯಪಿಗೆ ಹೋಗಿ ಒಪ್ಪಿಗೆ ರದ್ದು ಮಾಡಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಇವಕ್ಕೆಲ್ಲ ಉತ್ತರ ಸಿಕ್ಕ ಮೇಲೆ ಕೋಡ್ ಬರೆಯಲು ಕೂರಿ.

ಅಮೆರಿಕಾದಲ್ಲಿರುವ ಮಗಳು ಊರಿನ ಅಪ್ಪ ಅಮ್ಮನಿಗೆ ಕಳಿಸಬೇಕು ಅಂತಾಳೆ, ಅವಳ ಕಾರ್ಡ್ ನಡೆಯುತ್ತಾ?

ವಿದೇಶಿ ಕಾರ್ಡಿಗೆ ಗೇಟ್‌ವೇ ಹತ್ತಿರ ಬೇರೆ ಅನುಮತಿ ಬೇಕು, ಶುಲ್ಕವೂ ಹೆಚ್ಚು. ನಮ್ಮಲ್ಲಿನ ಹಾಗೆ ಎಲ್ಲ ವಿದೇಶಿ ಕಾರ್ಡಿಗೂ ಒಟಿಪಿ ಇರುವುದಿಲ್ಲ, ಹಾಗಾಗಿ ಕದ್ದ ಕಾರ್ಡಿನ ಭಯ ಜಾಸ್ತಿ. ಕಾರ್ಡಿನ ನಿಜವಾದ ಮಾಲೀಕರು ತಕರಾರು ಎತ್ತಿದರೆ, ಬಾಟಲಿ ಹೋಗಿ ತಿಂಗಳಾಗಿದ್ದರೂ ದುಡ್ಡು ವಾಪಸ್ ಹೋಗಬಹುದು. ಪಾರ್ಸೆಲ್ ತಲುಪಿದ ದಾಖಲೆ ಜೋಪಾನವಾಗಿಡಿ. ವರ್ಷಕ್ಕೆ ನಾಲ್ಕು ಆರ್ಡರಿಗಾಗಿ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ.

ರೆಡಿಮೇಡ್ ಪ್ಲಗಿನ್ ಹಾಕಿದರೆ ಇದೆಲ್ಲ ತಪ್ಪುತ್ತಲ್ವಾ?

ಬಹಳಷ್ಟು ತಪ್ಪುತ್ತದೆ. ವೂಕಾಮರ್ಸ್ ಅಥವಾ ಶಾಪಿಫೈಯಂಥ ರೆಡಿಮೇಡ್ ಅಂಗಡಿ ಸಾಫ್ಟ್‌ವೇರಿನಲ್ಲಿ ವ್ಯಾಪಾರ ಮಾಡುವುದಾದರೆ ಗೇಟ್‌ವೇಯವರ ಪ್ಲಗಿನ್ನನ್ನೇ ಹಾಕಿ, ಸ್ವಂತ ಕೋಡ್ ಬರೆಯುವ ಆಸೆ ಬೇಡ. ಆದರೆ ವೆಬ್‌ಹುಕ್ ವಿಳಾಸ ತುಂಬಿದ್ದೀರಾ ನೋಡಿ. ಪ್ಲಗಿನ್ ಹಾಕಿ, ಕೀಲಿ ತುಂಬಿ, ವೆಬ್‌ಹುಕ್ ಬಿಟ್ಟುಬಿಟ್ಟ ಸೈಟುಗಳನ್ನು ನಾನು ತುಂಬಾ ನೋಡಿದ್ದೇನೆ. ಮೇಲೆ ಹೇಳಿದ ಭಾನುವಾರದ ಕಥೆ ಅಲ್ಲೂ ಆಗುತ್ತದೆ. ಅಗ್ಗದ ಹೋಸ್ಟಿಂಗಿನಲ್ಲಿ ಕ್ಯಾಶೆ ಪ್ಲಗಿನ್ (ಒಮ್ಮೆ ತೋರಿಸಿದ ಪುಟವನ್ನು ಇಟ್ಟುಕೊಂಡು ಮತ್ತೆ ಅದನ್ನೇ ತೋರಿಸುವಂಥದ್ದು) ಇದ್ದರೆ ಚೆಕ್‌ಔಟ್ ಪುಟವನ್ನು ಅದರಿಂದ ಹೊರಗಿಡಿ. ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣಬಾರದು.

ನಮ್ಮದು ದಿನಕ್ಕೆ ಐದಾರು ಆರ್ಡರ್. ಇಷ್ಟೆಲ್ಲ ಬೇಕಾ?

ಬೇಡ. ನನ್ನ ಹೊಟ್ಟೆಪಾಡು ಇದೇ ಆದರೂ ಹೇಳುತ್ತೇನೆ, ಬೇಡ. ಸೈಟಿನಲ್ಲಿ ವಸ್ತು ತೋರಿಸಿ, ಆರ್ಡರ್ ವಾಟ್ಸಾಪಿನಲ್ಲಿ ತೆಗೆದುಕೊಳ್ಳಿ, ಗೇಟ್‌ವೇಯವರ ಪೇಮೆಂಟ್ ಲಿಂಕ್ ಕಳಿಸಿ. ಲಿಂಕ್ ಮಾಡುವುದಕ್ಕೆ ಕೋಡ್ ಬೇಕಿಲ್ಲ, ಯಾರು ಕಟ್ಟಿದರು ಅಂತ ಅವರ ಆ್ಯಪಿನಲ್ಲೇ ಕಾಣುತ್ತದೆ. ಸ್ಕ್ರೀನ್‌ಶಾಟ್ ಮಾತ್ರ ನಂಬಬೇಡಿ, ಅದನ್ನು ತಿದ್ದಬಹುದು. ದಿನಕ್ಕೆ ಮೂವತ್ತು ನಲವತ್ತು ಆದಾಗ, ಕೈಯಲ್ಲಿ ಬರೆದು ಸುಸ್ತಾದಾಗ ಬನ್ನಿ, ಆಗ ನಿಮಗೇ ಯಾವುದು ಬೇಕು ಅಂತ ಸ್ಪಷ್ಟವಾಗಿರುತ್ತದೆ.

ನಾನು ಡೆವಲಪರ್. ಕೋಟ್ ಹೇಗೆ ಕೊಡಲಿ?

ಮೊದಲು ಪ್ರಶ್ನೆ ಕೇಳಿ, ಆಮೇಲೆ ದಿನ ಹೇಳಿ. ಅರ್ಧ ರೀಫಂಡ್ ಇದೆಯಾ? ಕೂಪನ್? ಕ್ಯಾಶ್ ಆನ್ ಡೆಲಿವರಿ? ಬಿಲ್ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹೋಗಬೇಕಾ? ಗಿರಾಕಿ ಫೋನ್ ಮಾಡಿದರೆ ಎತ್ತುವವರು ಯಾರು, ಅವರಿಗೆ ಯಾವ ಪುಟ ಕಾಣಬೇಕು? ಉತ್ತರ ಬಂದ ಮೇಲೆ ಕೋಟಿನಲ್ಲಿ "ಪೇಮೆಂಟ್ ಇಂಟಿಗ್ರೇಷನ್" ಅಂತ ಒಂದೇ ಸಾಲು ಬರೆಯಬೇಡಿ. ಖಾತೆಯ ಕಾಗದಪತ್ರವನ್ನು ಬೇರೆಯಾಗಿ ಬರೆಯಿರಿ, ಅದರ ದಿನಗಳು ನನ್ನ ಕೈಯಲ್ಲಿಲ್ಲ ಅಂತ ಬಾಯಿಬಿಟ್ಟು ಹೇಳಿ. ಸರಿಯಾಗಿ ನಡೆಯುವ ದಾರಿ, ಉತ್ತರ ಬರದ ದಾರಿ, ರೀಫಂಡ್, ತಾಳೆ, ನಿಜವಾದ ದುಡ್ಡಿನ ಪರೀಕ್ಷೆ, ಪ್ರತಿಯೊಂದಕ್ಕೂ ಬೇರೆ ಬೇರೆ ದಿನ. ಲೈವ್ ಆದ ಮೊದಲ ತಿಂಗಳು ದಿನಾ ಬೆಳಿಗ್ಗೆ ಗೇಟ್‌ವೇ ಪಟ್ಟಿಯನ್ನೂ ಸೈಟಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ, ಅದಕ್ಕೂ ದುಡ್ಡು ಕೇಳಿ. ಇದೇ ಲೆಕ್ಕದಲ್ಲಿ ಈಗ ನಾನು ಅಂತಹ ಸೈಟಿಗೆ ಐದು ವಾರ ಅನ್ನುತ್ತೇನೆ. ಕೆಲವರು "ಪಕ್ಕದವನು ಮೂರು ದಿನ ಅಂದ ಮಾರಾಯ" ಅಂತ ಎದ್ದು ಹೋಗುತ್ತಾರೆ. ಹೋಗಲಿ.

ದುಡ್ಡು ಸಿಕ್ಕಿಹಾಕಿಕೊಂಡ ಗಿರಾಕಿಗೆ ಫೋನಿನಲ್ಲಿ ಏನು ಹೇಳಬೇಕು?

ಮೊದಲು "ನಮಗೆ ಬಂದಿಲ್ಲ" ಅಂತ ಹೇಳಬೇಡಿ. ಅವರ ಯುಪಿಐ ಆ್ಯಪಿನಲ್ಲಿ ಆ ಪೇಮೆಂಟಿನ ಕೆಳಗೆ 12 ಅಂಕಿಯ ಯುಟಿಆರ್ ಸಂಖ್ಯೆ (ಆ ಪೇಮೆಂಟಿನ ಗುರುತು) ಇರುತ್ತದೆ, ಅದನ್ನು ತೆಗೆದುಕೊಳ್ಳಿ. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಹುಡುಕಿ. ಸಿಕ್ಕರೆ ಆರ್ಡರ್ ನೀವೇ ಪಾವತಿಯಾಗಿದೆ ಅಂತ ಮಾಡಿ, ಪಾರ್ಸೆಲ್ ಕಳಿಸಿ. ಸಿಗದಿದ್ದರೆ ದುಡ್ಡು ಇನ್ನೂ ಬ್ಯಾಂಕುಗಳ ನಡುವೆ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದ ಪ್ರಕಾರ, ಖಾತೆಯಿಂದ ಕಟ್ ಆಗಿ ವ್ಯಾಪಾರಿಗೆ ಖಾತ್ರಿ ಬಾರದ ಇಂಥ ಪೇಮೆಂಟು ಐದು ದಿನದೊಳಗೆ ತಾನಾಗಿಯೇ ವಾಪಸ್ ಹೋಗಬೇಕು. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಗಿರಾಕಿಗೆ ಸಿಗಬೇಕು. ಇದನ್ನು ಅವರಿಗೆ ನಿಧಾನವಾಗಿ ಹೇಳಿ, ಅದೇ ಯುಟಿಆರ್ ಸಂಖ್ಯೆ ಸೇರಿಸಿ ವಾಟ್ಸಾಪಿನಲ್ಲೂ ಬರೆದು ಕಳಿಸಿ.

ಅಕ್ಕ ಈಗ ಇನ್ನೊಂದು ಮಾಡುತ್ತಾರೆ. ಆರನೇ ದಿನ ಅವರೇ ಆ ಗಿರಾಕಿಗೆ ಫೋನ್ ಮಾಡಿ "ದುಡ್ಡು ವಾಪಸ್ ಬಂತಾ?" ಅಂತ ಕೇಳುತ್ತಾರೆ. ಅದಕ್ಕಾಗಿ ಸೈಟಿನಲ್ಲಿ ಒಂದು ಪಟ್ಟಿ ಮಾಡಿಕೊಡು ಅಂದರು, ಮಾಡಿಕೊಟ್ಟೆ. ಅರ್ಧ ದಿನ ಹಿಡಿಯಿತು.